ಸೊಪ್ಪಿನ ಸಾಲಿನ ನಡುವೆ ಎದ್ದು ನಿಂತ ಬಗ್ಗೆ

ಮಾನ್ಯ ಓದುಗರ ಸನ್ನಿಧಾನಕ್ಕೆ,

ಬೆಟ್ಟದಪುರದ ಬಳಿಯ ಹಳ್ಳಿಯೊಂದರ ಗೃಹಿಣಿಯಾದ ನಾನು ಮೊದಲಿಗೇ ಕ್ಷಮೆ ಕೋರಿಕೊಳ್ಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಹೊಗೆಸೊಪ್ಪು ಕಟ್ಟಿ ಕಟ್ಟಿ ಬೆರಳುಗಳು ಒಂದು ಕಡೆಗೆ ಬಾಗಿರುವ ಕಾರಣ ಬರಹವೂ ಬಲಕ್ಕೆ ವಾಲುತ್ತದೆ. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ಶಾಲೆಯ ದಿನಗಳಿಂದಲೂ ನನಗೆ ಅನುಮಾನ ಉಂಟು. ಇದುವರೆಗೆ ನಾನು ಬರೆದಿರುವುದು ನಮ್ಮ ಸ್ತ್ರೀಶಕ್ತಿ ಸಂಘದ ಅರ್ಜಿಗಳನ್ನು ಮತ್ತು ಮನವಿಗಳನ್ನು ಮಾತ್ರ. ನನಗೆ ಗೊತ್ತಿರುವ ರೀತಿ ಅದೊಂದೇ ಆದುದರಿಂದ ಇದನ್ನೂ ಅದೇ ರೀತಿಯಲ್ಲಿ ಬರೆಯುತ್ತಿದ್ದೇನೆ. ಬರಹದಲ್ಲಿನ ಕೊರತೆಗಳನ್ನು ಮನ್ನಿಸಬೇಕಾಗಿ ವಿನಂತಿ.

ವಿಷಯ: ಮಂಡಿ ನೋವಿನ ನಿಮಿತ್ತ ಚೀನಾ ದೇಶದ ನಿಧಾನದ ಕಲೆಯೊಂದನ್ನು ಮೊದಲು ತಪ್ಪಾಗಿಯೂ ಆಮೇಲೆ ತಕ್ಕಮಟ್ಟಿಗೆ ಸರಿಯಾಗಿಯೂ ಅಭ್ಯಾಸ ಮಾಡಿದ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಮಳೆಗಾಲದಲ್ಲಿ ಹೊಲದಿಂದ ಕಿತ್ತು ತಂದ ಹಸಿ ಎಲೆಯನ್ನು ಅಂದೇ ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟಬೇಕು. ಹಾಗೆ ಕಟ್ಟಿದ ಕಡ್ಡಿಗಳನ್ನು ಬ್ಯಾರನ್ ಎಂದು ನಾವು ಕರೆಯುವ ಎತ್ತರದ ಗೋಡೆಯ ಮನೆಯೊಳಗೆ ಸಾಲು ಸಾಲಾಗಿ ನೇತುಹಾಕಿ, ಬೆಂಕಿ ಕೊಟ್ಟು ಹದ ಮಾಡಬೇಕು. ಗಂಡಸರು ಒಳಗೆ ಹತ್ತಿ ಕಡ್ಡಿ ಏರಿಸುತ್ತಾರೆ. ಹೆಂಗಸರು ಹೊರಗೆ ಚಪ್ಪರದ ಕೆಳಗೆ ಗೋಣಿತಾಟಿನ ಮೇಲೆ ಸಾಲಾಗಿ ಕುಳಿತು ಸೊಪ್ಪು ಕಟ್ಟುತ್ತಾರೆ.

ಸದರಿ ಸಾಲಿನಲ್ಲಿ ಮೊದಲ ಜಾಗ ನಮ್ಮ ಅತ್ತೆಯವರದು. ನಾನು ಸೊಸೆಯಾಗಿ ಬಂದ ವರ್ಷದಿಂದ ಎರಡನೆಯ ಜಾಗ ನನ್ನದು. ಗಂಟು ಹಾಕುವುದನ್ನು ಅತ್ತೆಯವರು ನನಗೆ ಬಾಯಿಮಾತಿನಲ್ಲಿ ಕಲಿಸಲಿಲ್ಲ. ನನ್ನ ಬೆರಳಿನ ಮೇಲೆ ತಮ್ಮ ಬೆರಳು ಇಟ್ಟು ಕಲಿಸಿದರು. ತವರಿನ ನೆನಪಾಗಿ ಅಳು ಬಂದ ದಿನಗಳಲ್ಲಿಯೂ ಆ ಸಾಲಿನಲ್ಲಿ ಕುಳಿತಾಗ ನಾನು ಈ ಮನೆಯವಳು ಎಂಬ ಧೈರ್ಯ ಬರುತ್ತಿತ್ತು. ಆದ್ದರಿಂದ ಆ ಗೋಣಿತಾಟಿನ ಜಾಗ ನನಗೆ ಎಷ್ಟು ಮುಖ್ಯವೆಂಬುದನ್ನು ತಾವು ಊಹಿಸಬಹುದು.

ಸಾಲಿಗೆ ಒಂದು ಕಟ್ಟಳೆಯೂ ಉಂಟು. ಬ್ಯಾರನ್ ತುಂಬಲು ಬೇಕಾದ ಕೊನೆಯ ಕಡ್ಡಿಯನ್ನು ಕಟ್ಟಿ ಮುಗಿಸುವ ತನಕ ಯಾರೂ ಏಳಬಾರದು. ಟೀ ಕುಳಿತಲ್ಲಿಗೇ ಬರುತ್ತದೆ. ‘ಸಾಲು ಮುರುದ್ರೆ ಸೊಪ್ಪು ಮುನಿಸ್ಕತ್ತದೆ’ ಎಂಬುದು ಅತ್ತೆಯವರ ಮಾತು. ಮುನಿಸಿಕೊಂಡ ಸೊಪ್ಪು ಬೆಂಕಿಯಲ್ಲಿ ಹಳದಿ ತಿರುಗದೆ ಕಪ್ಪಾಗುತ್ತದೆಂದು ಅವರಿಗೆ ಅವರ ಅತ್ತೆಯವರು ಹೇಳಿದ್ದರಂತೆ.

ಒಂದು ವರ್ಷ ಕೊನೆಯ ಬ್ಯಾರನ್ ತುಂಬಿದ ದಿನ ಎಲ್ಲರೂ ಎದ್ದರು. ನನಗೆ ಏಳಲಾಗಲಿಲ್ಲ. ಬಲ ಮಂಡಿ ಊದಿ ಸೋರೆಬುರುಡೆಯಂತಾಗಿತ್ತು. ಪಕ್ಕದ ಮನೆಯಾಕೆ ಒಂದು ಕಡೆ, ಎಲ್ಲರಿಗಿಂತ ಕೊನೆಗೆ ಎದ್ದ ಅತ್ತೆಯವರು ಒಂದು ಕಡೆ ಹಿಡಿದು ಎಬ್ಬಿಸಿದರು. ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ವೈದ್ಯರು ಚಿತ್ರ ತೆಗೆಸಿ ನೋಡಿ, ಮಂಡಿಯೊಳಗಿನ ಮೆತ್ತೆ ಸವೆದಿದೆ ಎಂದರು. ಗುಳಿಗೆ ಬರೆದುಕೊಟ್ಟರು. ತೊಡೆಗೆ ಬಲ ಬರಲು ಮಾಡಬೇಕಾದ ವ್ಯಾಯಾಮಗಳ ಹಾಳೆಯೊಂದನ್ನು ಕೊಟ್ಟು, ತಾವು ಹೇಳುವ ತನಕ ನೆಲದ ಮೇಲೆ ಕೂರಬಾರದು ಎಂದರು.

ಮನೆಗೆ ಬಂದು ಇದನ್ನು ತಿಳಿಸಿದಾಗ ಅತ್ತೆಯವರು ನನ್ನ ಊದಿದ ಮಂಡಿಯನ್ನು ಮುಟ್ಟಿ ನೋಡಿದರು. ಆಮೇಲೆ ಹೇಳಿದರು: “ಅಂಗಾರೆ ಮುಂದ್ಲ ಸೊಪ್ಗೆ ನೀನು ಕುರ್ಚಿ ಮ್ಯಾಲೆ ಕುಂತ್ಕಂಡು ಕಡ್ಡಿ ಲೆಕ್ಕ ಇಡು. ನಿನ್ ಜಾಗಕ್ಕೆ ಯಾರಾದ್ರೂ ಆಳು ಕರುದ್ರಾಯ್ತು.”

ಅವರು ಕೋಪದಿಂದ ಹೇಳಿದ್ದಲ್ಲ, ಕನಿಕರದಿಂದಲೇ ಹೇಳಿದ್ದು. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮುಂದಿನ ಸೊಪ್ಪಿನ ಕಾಲದೊಳಗೆ ನಾನು ಸಾಲಿಗೆ ಮರಳಬೇಕು ಎಂಬುದೊಂದೇ ಆಸೆ ನನ್ನಲ್ಲಿ ಉಳಿಯಿತು.

ನಮ್ಮ ಸಂಘದ ಹಪ್ಪಳ ಮತ್ತು ಚಟ್ನಿಪುಡಿಯನ್ನು ಕೊಪ್ಪದ ಅಂಗಡಿಯೊಂದಕ್ಕೆ ತಲುಪಿಸುವ ಜವಾಬ್ದಾರಿ ನನ್ನದಾಗಿತ್ತು. ಪಿರಿಯಾಪಟ್ಟಣದಲ್ಲಿ ಬಸ್ಸು ಬದಲಿಸಿ ಕೊಪ್ಪದಲ್ಲಿ ಇಳಿದು, ಕೆಂಪು ಬಟ್ಟೆಯ ಟಿಬೆಟ್ ಸನ್ಯಾಸಿಗಳ ನಡುವೆ, ಸ್ವೆಟರ್ ಅಂಗಡಿಗಳ ಮುಂದೆ ಚೀಲ ಹೊತ್ತು ನಡೆಯಬೇಕು. ಚಳಿಗಾಲದ ಒಂದು ದಿನ ಬಸ್ಸಿನಿಂದ ಪಕ್ಕಕ್ಕೆ ತಿರುಗಿ, ಒಂದೇ ಕಾಲನ್ನು ಮುಂದೆ ಮಾಡಿ ಇಳಿಯುತ್ತಿದ್ದಾಗ ಅಂಗಡಿಯ ಮುಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ನೋಡಿದರು. ಬಿಳಿ ಕೂದಲನ್ನು ಕತ್ತರಿಸಿಕೊಂಡಿದ್ದರು. ಅವರ ಬೆನ್ನು ನೆಟ್ಟ ಕಂಬದ ಹಾಗೆ ನೇರವಾಗಿತ್ತು.

“ಏಡಿ ಇಳಿದ ಹಾಗೆ ಇಳೀತೀಯಲ್ಲಾ ಮೋಳೇ. ಯಾವ ಮಂಡಿ, ಬಲದ್ದಾ?” ಎಂದರು.

ಮೋಳೇ ಎಂದರೆ ಅವರ ಮಲಯಾಳದಲ್ಲಿ ಮಗಳೇ ಎಂದು ಆಮೇಲೆ ತಿಳಿಯಿತು. ಸಿಂಗಾಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿ ಬಹುಕಾಲ ಕೆಲಸ ಮಾಡಿ ನಿವೃತ್ತರಾಗಿ, ತಮ್ಮನ ಮನೆಗೆ ಹತ್ತಿರವೆಂದು ಕೊಪ್ಪದಲ್ಲಿ ನೆಲೆಸಿದವರು. ಊರಿನವರೆಲ್ಲ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಸಿಂಗಾಪುರದ ಉದ್ಯಾನವನದಲ್ಲಿ ಚೀನೀ ಮುದುಕರೊಬ್ಬರಿಂದ ತಾಯ್ ಚಿ ಎಂಬ ಕಲೆಯನ್ನು ಅವರು ಕಲಿತಿದ್ದರು. ತಮ್ಮ ಮನೆಯ ಹಿಂದಿನ ಸಿಮೆಂಟು ಅಂಗಳದಲ್ಲಿ, ಹಲಸಿನ ಮರದ ಪಕ್ಕ, ಬಂದ ನಾಲ್ಕಾರು ಜನರಿಗೆ ಸಂಬಳವಿಲ್ಲದೆ ಹೇಳಿಕೊಡುತ್ತಿದ್ದರು.

ಅದು ಹೊಡೆದಾಟದ ಕಲೆ ಎಂದು ತಿಳಿದಾಗ ನನಗೆ ನಗು ಬಂದಿತು. ನಮ್ಮ ಕಡೆ ಗರಡಿ ಎಂದರೆ ಕೆಮ್ಮಣ್ಣು, ಸಾಮು, ತೊಡೆ ತಟ್ಟುವ ಸದ್ದು. ಇಲ್ಲಿಯೋ ನೀರಿನೊಳಗೆ ನಡೆದಂತೆ ನಡೆಯುತ್ತಾರೆ. ಸಿಸ್ಟರ್ ವಿವರಿಸಿದ್ದನ್ನು ನನಗೆ ತಿಳಿದಷ್ಟರ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ. ಹೊರಗಿನ ಕಲೆಯಲ್ಲಿ ಮೈ ಬಿಗಿ ಮಾಡಿ ಹೊಡೆಯುತ್ತಾರೆ. ಒಳಗಿನ ಕಲೆಯಲ್ಲಿ ಮೈ ಸಡಿಲ ಬಿಟ್ಟು, ಭಾರವನ್ನು ಪಾದದವರೆಗೆ ಇಳಿಸಿ, ನೆಲದಿಂದ ಬಂದ ಬಲವನ್ನು ಸೊಂಟದ ಮೂಲಕ ಕೈಗೆ ಕಳಿಸುತ್ತಾರೆ. ಇದಕ್ಕಾಗಿ ಮೊದಲು ನಿಲ್ಲುವುದನ್ನು ಕಲಿಯಬೇಕು.

ಅವರು ನನ್ನನ್ನು ಕೂಡಲೇ ಸೇರಿಸಿಕೊಳ್ಳಲಿಲ್ಲ. ವೈದ್ಯರು ಕೊಟ್ಟ ಹಾಳೆಯನ್ನು ಮುಂದಿನ ವಾರ ತರಲು ಹೇಳಿ, ಅದನ್ನು ಕನ್ನಡಕ ಹಾಕಿಕೊಂಡು ಓದಿದರು. ವೈದ್ಯರನ್ನು ಮತ್ತೊಮ್ಮೆ ಕಂಡು ಕೇಳಿ ಬರಲು ತಿಳಿಸಿದರು. “ಅವರ ಮಾತು ಮೊದಲು, ನನ್ನದು ಆಮೇಲೆ” ಎಂದರು. ವೈದ್ಯರು, ನಿಧಾನವಾಗಿ ಮಾಡುವುದಾದರೆ ಅಡ್ಡಿಯಿಲ್ಲ, ನೋವಾದರೆ ನಿಲ್ಲಿಸಿ ಎಂದು ಅನುಮತಿ ನೀಡಿದರು.

ಮೊದಲ ಪಾಠ ಹೀಗಿತ್ತು. ಪಾದಗಳನ್ನು ಹೆಗಲಿನಷ್ಟು ಅಗಲಿಸಿ ನಿಲ್ಲಬೇಕು. ಮಂಡಿಯನ್ನು ಬಗ್ಗಿಸುವುದು ಎನ್ನುವುದಕ್ಕಿಂತ ಅದರ ಬಿಗಿಯನ್ನು ಬಿಡಬೇಕು. ಕೈಗಳನ್ನು ಮರವನ್ನು ತಬ್ಬಿದಂತೆ ಎದೆಯ ಮುಂದೆ ಹಿಡಿಯಬೇಕು. ನನ್ನ ಹೆಗಲುಗಳು ಕಿವಿಯವರೆಗೆ ಏರಿ ನಿಂತವು. ಎಷ್ಟು ಹೇಳಿದರೂ ಇಳಿಯಲಿಲ್ಲ. ಆಗ ನನಗೆ ನಮ್ಮ ಮನೆಯ ಪೂಜೆ ನೆನಪಾಯಿತು. ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು ಎದೆಯ ಮಟ್ಟಕ್ಕೆ ಹಿಡಿದಾಗ ಮೊಣಕೈ ತಾನಾಗಿ ಕೆಳಗೆ ಬೀಳುತ್ತದೆ, ಹೆಗಲು ಹಗುರಾಗುತ್ತದೆ, ಉಸಿರು ತನ್ನ ಪಾಡಿಗೆ ತಾನು ಆಡುತ್ತದೆ. ಹಾಗೆಯೇ ಹಿಡಿದೆ. ಸಿಸ್ಟರ್ ಸುತ್ತ ಬಂದು ನೋಡಿ, “ಇದನ್ನ ನಿನಗೆ ಯಾರು ಹೇಳಿಕೊಟ್ಟರು?” ಎಂದು ಕೇಳಿದರು.

“ನಮ್ಮ ಮನೇಲಿ ದಿನಾ ಮಾಡ್ತೀವಿ ಸಿಸ್ಟರ್” ಎಂದೆ.

“ಹಾಗಾದರೆ ಅರ್ಧ ಬಂತು. ಸ್ವಲ್ಪ ಹೊತ್ತು ಸಾಕು. ಮನೇಲೂ ಇಷ್ಟೇ. ಜಾಸ್ತಿ ಬೇಡ” ಎಂದರು.

ಆ ಕೊನೆಯ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಪಾಲಿಸಲಿಲ್ಲ. ನಮ್ಮಲ್ಲಿ ದುಡಿಯುವವರು ಯಾರೂ ಅರ್ಧಕ್ಕೆ ಏಳುವುದಿಲ್ಲ. ಬೆಳಗಾಗುತ್ತಲೇ ಖಾಲಿ ಚಪ್ಪರದ ಕೆಳಗೆ ನಿಲ್ಲುತ್ತಿದ್ದೆ. ಅತ್ತೆಯವರು ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಬಿಟ್ಟು ಒಳಗೆ ಹೋಗುವ ತನಕ ಕದಲಬಾರದೆಂದು ನನಗೆ ನಾನೇ ಕಟ್ಟಳೆ ಮಾಡಿಕೊಂಡೆ. ನೆಲದ ಮೇಲೆ ಕೂರಬೇಕಾದವಳು ನಾನಲ್ಲವೇ, ಎಷ್ಟು ತಗ್ಗಿ ನಿಂತರೆ ಅಷ್ಟು ಬೇಗ ಕೂರಲು ಬಂದೀತು ಎಂದು ಲೆಕ್ಕ ಹಾಕಿ, ದಿನದಿಂದ ದಿನಕ್ಕೆ ಇನ್ನಷ್ಟು ತಗ್ಗಿದೆ. ಮಂಡಿಯ ಒಳಮಗ್ಗುಲಿಗೆ ಸೂಜಿ ಚುಚ್ಚಿದಂತಾದರೆ, ಇವತ್ತು ಕೆಲಸ ಚೆನ್ನಾಗಿ ಆಯಿತು ಎಂದು ತಿಳಿದೆ.

ನಮ್ಮ ಯಜಮಾನರು ಹಲ್ಲುಜ್ಜುತ್ತಾ ಬಂದು ನಿಂತು ನೋಡುತ್ತಿದ್ದರು.

“ಏನಮ್ಮೀ ಇದು, ಕುಸ್ತಿನಾ? ಕಳ್ಳ ಬಂದ್ರೆ ಇಷ್ಟು ನಿದಾನಕ್ಕೆ ಒಡುದ್ರೆ, ಅಷ್ಟೊತ್ಗೆ ಅವ್ನು ಕಾಪಿ ಕುಡ್ದು ಲೋಟ ತೊಳ್ದಿಟ್ಟು ಓಗಿರ್ತಾನೆ ಬುಡು.”

“ಲೋಟನಾದ್ರೂ ತೊಳೀತಾನಲ್ಲ. ಈ ಮನೆ ಗಂಡಸ್ರು ಅದೂ ಮಾಡಕಿಲ್ಲ” ಎಂದರು ಅತ್ತೆಯವರು ರಂಗೋಲಿಯಿಂದ ತಲೆ ಎತ್ತದೆ.

ಕೆಲವು ವಾರಗಳಲ್ಲಿ ಮಂಡಿ ಮತ್ತೆ ಊದಿತು. ಬಟ್ಟೆ ಸುತ್ತಿ, ಸೀರೆಯೊಳಗೆ ಮರೆಮಾಡಿಕೊಂಡು ಕೊಪ್ಪಕ್ಕೆ ಹೋದೆ. ಎಲ್ಲರ ಜೊತೆ ನಡೆಯಲು ಆರಂಭಿಸಿದೆನೋ ಇಲ್ಲವೋ, ಸಿಸ್ಟರ್ ಕೈ ತಟ್ಟಿ ನಿಲ್ಲಿಸಿದರು.

“ಸೀರೆ ಮೇಲೆತ್ತು” ಎಂದರು.

“ಏನಿಲ್ಲ ಸಿಸ್ಟರ್.”

“ನೆರಿಗೆ ಒಂದು ಕಡೆ ಜಾಸ್ತಿ ಆಡ್ತಾ ಇದೆ. ನೀನು ಸುಳ್ಳು ಹೇಳಬಹುದು, ನೆರಿಗೆ ಹೇಳಲ್ಲ.”

ಮಂಡಿಯನ್ನು ನೋಡಿದವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಮನೆಯಲ್ಲಿ ಹೇಗೆ ನಿಲ್ಲುತ್ತೀ ಎಂಬುದನ್ನು ತೋರಿಸದೆ ಬಾಯಲ್ಲಿ ಹೇಳು ಎಂದರು. ಹೇಳಿದೆ. ತಗ್ಗಿದ್ದನ್ನು ಹೇಳಿದೆ, ರಂಗೋಲಿ ಮುಗಿಯುವವರೆಗೆ ನಿಂತದ್ದನ್ನು ಹೇಳಿದೆ. ಏಕೆ ಎಂದು ಕೇಳಿದಾಗ ಸೊಪ್ಪಿನ ಸಾಲಿನ ಕಟ್ಟಳೆಯನ್ನೂ ಹೇಳಬೇಕಾಯಿತು.

“ಯಾರೂ ಏಳೋದೇ ಇಲ್ಲವಾ? ಬಾತ್‌ರೂಮಿಗೆ?”

“ನೀರು ಕಮ್ಮಿ ಕುಡಿತೀವಿ ಸಿಸ್ಟರ್.”

“ಎಂಡೆ ದೈವಮೇ!” ಎಂದು ಅವರು ಹಣೆಗೆ ಕೈ ಇಟ್ಟುಕೊಂಡರು. ಆಮೇಲೆ ಸ್ಪಷ್ಟವಾಗಿ ಹೇಳಿದರು: “ಕೇಳು ಮೋಳೇ. ತೊಡೆ ಉರೀಲಿ, ಪರವಾಗಿಲ್ಲ, ಅದು ಮಾಂಸ, ಕೆಲಸ ಮಾಡ್ತಾ ಇದೆ. ಮಂಡಿ ಮಾತಾಡಬಾರದು. ಮಂಡಿ ಮಾತಾಡೋಕೆ ಮುಂಚೇನೇ ನೀನು ಎದ್ದಿರಬೇಕು. ನಿನಗೆ ಮುಗಿಸೋದು ಚೆನ್ನಾಗಿ ಬರುತ್ತೆ. ನಿಲ್ಲಿಸೋದು ಬರೋದಿಲ್ಲ. ನಾನು ಹೇಳಿಕೊಡಬೇಕಾದ್ದು ಅದೊಂದೇ.”

ಊತ ಇಳಿಯುವವರೆಗೆ ಅಭ್ಯಾಸ ಬೇಡವೆಂದು ಆದೇಶವಾಯಿತು. ಮತ್ತೆ ವೈದ್ಯರಲ್ಲಿಗೆ ಹೋಗಿ ಬೈಗುಳ ತಿಂದು ಬಂದೆ. ಆ ವಾರಗಳಲ್ಲಿ ಕೊಪ್ಪದ ಅಂಗಳದಲ್ಲಿ ಕುರ್ಚಿಯ ಮೇಲೆ ಕುಳಿತು ಕೈಗಳನ್ನು ಮಾತ್ರ ಆಡಿಸುತ್ತಿದ್ದೆ. ನನ್ನ ಜೊತೆಗೆ ಸೇರಿದವರು ಮುಂದೆ ಹೋಗಿಬಿಟ್ಟರು. ಮಾವಿನ ಮರಗಳು ಹೂ ಬಿಟ್ಟವು, ಸಸಿ ಮಡಿಗೆ ಭೂಮಿ ಹದವಾಯಿತು. ದಿನ ಹತ್ತಿರ ಬರುತ್ತಿದೆ ಎಂಬ ಕಳವಳ ನನ್ನನ್ನು ಬಿಡಲಿಲ್ಲ.

ಮತ್ತೆ ನಿಲ್ಲಲು ಅನುಮತಿ ದೊರೆತಾಗ ನನ್ನ ತಿಳಿವಳಿಕೆಗೆ ತಕ್ಕ ಒಂದು ಅಳತೆ ಮಾಡಿಕೊಂಡೆ. ಹೊಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆಗೆ ಜಾಗ ಇರುವಾಗಲೇ ಊಟದಿಂದ ಎದ್ದ ಹಾಗೆ, ಇನ್ನೂ ಸ್ವಲ್ಪ ನಿಲ್ಲಬಹುದು ಎನ್ನಿಸುವಾಗಲೇ ನಿಲ್ಲಿಸಿಬಿಡುವುದು. ಇದು ಬಹಳ ಕಷ್ಟದ ಕೆಲಸ. ಕೈ ಇಳಿಸಿದ ಮೇಲೆ ಏನೋ ಕದ್ದವಳಂತೆ ಆಚೀಚೆ ನೋಡುತ್ತಿದ್ದೆ. ಸಾರಿಸಿದ ಒದ್ದೆ ಅಂಗಳದಲ್ಲಿ ಜಾರುತ್ತದೆಂದು ಜಗುಲಿಯ ಮೇಲೆ, ಗೋಡೆ ಕೈಗೆಟುಕುವಂತೆ ನಿಂತೆ. ತಲೆ ಸುತ್ತಿದಂತಾದ ದಿನ ಮಾಡಲಿಲ್ಲ. ಮಂಡಿ ಒಳಕ್ಕೆ ಕುಸಿಯದೆ ಕಾಲ್ಬೆರಳು ನೋಡುವ ಕಡೆಗೇ ನೋಡುತ್ತಿದೆಯೇ ಎಂದು ಬೆಳಗಿನ ನೆರಳಿನಲ್ಲಿ ಪರೀಕ್ಷಿಸುತ್ತಿದ್ದೆ.

ಆಮೇಲೆ ಸಿಸ್ಟರ್ ನಡೆಯುವುದನ್ನು ಕಲಿಸಿದರು. ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಬಗ್ಗಿಸಿದಂತೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ಸುರಿಯಬೇಕು. ಖಾಲಿಯಾದ ಪಾದವನ್ನು ಮಾತ್ರ ತಿರುಗಿಸಬೇಕು. ಭಾರ ತುಂಬಿದ ಕಾಲನ್ನು ತಿರುಚಬಾರದು. ಇದನ್ನು ಮಾಡುತ್ತಿದ್ದಾಗ ಒಂದು ದಿನ ನನಗೆ ಥಟ್ಟನೆ ಹೊಳೆಯಿತು. ಸಾಲಿನಲ್ಲಿ ಕುಳಿತಾಗ ಸೊಪ್ಪಿನ ರಾಶಿ ನನ್ನ ಹಿಂದೆ, ಬಲಕ್ಕೆ ಇರುತ್ತಿತ್ತು. ಪ್ರತಿ ಹಿಡಿ ಎಲೆಗೂ ಮಡಿಸಿದ ಬಲ ಮಂಡಿಯ ಮೇಲೆ ಮೈಭಾರ ಹಾಕಿ ತಿರುಗುತ್ತಿದ್ದೆ. ಮದುವೆಯಾದಂದಿನಿಂದ ಹಾಗೆಯೇ. ಕೆಲಸಕ್ಕೆ ಬಂದ ಯಾರೂ ಇದನ್ನು ತಪ್ಪೆಂದು ತಿಳಿದಿರಲಿಲ್ಲ, ಎಲ್ಲರೂ ತಿರುಗುತ್ತಿದ್ದುದೂ ಹಾಗೆಯೇ.

ಬೇಸಿಗೆಯ ಹೊತ್ತಿಗೆ ಇಬ್ಬರು ಎದುರು ಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ ಮಾಡುವ ಅಭ್ಯಾಸ ಆರಂಭವಾಯಿತು. ಕಲೆಯ ಹೊಡೆದಾಟದ ಭಾಗ ಇಲ್ಲಿಂದ ಶುರು. ಒಬ್ಬರು ಮೆಲ್ಲನೆ ತಳ್ಳಬೇಕು, ಇನ್ನೊಬ್ಬರು ತಡೆಯದೆ, ಓಡಿಯೂ ಹೋಗದೆ, ಆ ಬಲವನ್ನು ಪಕ್ಕಕ್ಕೆ ಸಾಗಹಾಕಬೇಕು. ನಾನು ಮೊದಲ ಸಲ ಸಿಸ್ಟರನ್ನು ನನ್ನ ಪೂರ್ತಿ ತೋಳಬಲದಿಂದ ತಳ್ಳಿದೆ. ಅವರು ಅಲ್ಲಿ ಇರಲೇ ಇಲ್ಲ. ಬಾಗಿಲು ಮುಚ್ಚಿದೆಯೆಂದು ದೂಡಿದವಳು ತೆರೆದ ಬಾಗಿಲಲ್ಲಿ ಮುಗ್ಗರಿಸಿದಂತೆ ಮುಂದಕ್ಕೆ ಹೋದೆ. ಅವರ ಕೈ ಮಾತ್ರ ನನ್ನ ಮೊಣಕೈಯ ಕೆಳಗೆ ಇತ್ತು, ನಾನು ಬೀಳಲಿಲ್ಲ.

“ಬೀಳಿಸೋದು ಸುಲಭ. ಬೀಳದ ಹಾಗೆ ಹಿಡಿಯೋದನ್ನ ಮೊದಲು ಕಲಿ. ಇಲ್ಲದಿದ್ದರೆ ನಿನ್ನ ಜೊತೆ ಅಭ್ಯಾಸ ಮಾಡೋಕೆ ಯಾರೂ ಉಳಿಯಲ್ಲ” ಎಂದರು.

ಈ ಮಾತು ಮನೆಯಲ್ಲಿ ಉಪಯೋಗಕ್ಕೆ ಬಂದ ಬಗೆಯನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಸಸಿ ನಾಟಿ ಮುಗಿದ ಒಂದು ಸಂಜೆ ಪಕ್ಕದ ಮನೆಯಾಕೆ ಜಗುಲಿಗೆ ಬಂದು ಕುಳಿತಿದ್ದರು. ನಾನು ಗೋಡೆಯ ಪಕ್ಕ ಕೈ ಆಡಿಸುತ್ತಿದ್ದೆ.

“ಅಲ್ಲ ಕಣಕ್ಕ, ನಿಮ್ ಸೊಸೆ ನೊಣ ಓಡುಸ್ತಾಳೋ, ದೋಸೆ ಉಯ್ತಾಳೋ?” ಎಂದು ಅವರು ಅತ್ತೆಯವರನ್ನು ಕೇಳಿದರು.

“ಯಾರಿಗ್ ಗೊತ್ತು. ಬಸ್ ಚಾರ್ಜು ಕೊಟ್ಟು ಕಲ್ತವ್ಳೆ, ಏನಾರಾ ಇರ್ಬೇಕು” ಎಂದ ಅತ್ತೆಯವರು ಎದ್ದು ಬಂದರು. “ಎಲ್ಲಿ, ಬಾರಮ್ಮಿ ನೋಡಾನ. ನಾನು ನೂಕ್ತೀನಿ, ನಿಂತ್ಕೊ. ಆಗಿನ್ ಕಾಲ್ದಲ್ಲೇ ಎಲ್ಡು ಕೊಡ ಒತ್ಕಂಡು ಕೆರೆ ಏರಿ ಅತ್ತಿದ ಕೈ ಇದು, ತಿಳ್ಕೊ.”

ಬೇಡ ಅತ್ತೆ ಎಂದು ಹೇಳಿ ಮುಗಿಸುವುದರೊಳಗೆ ಅವರು ಎರಡೂ ಕೈಯಿಂದ ನೂಕಿದರು. ನನ್ನ ಮೈ ನನ್ನನ್ನು ಕೇಳದೆ ಪಕ್ಕಕ್ಕೆ ತಿರುಗಿತು. ಅತ್ತೆಯವರು ಮುಂದಕ್ಕೆ ಬಾಗಿದರು. ಅವರ ಮೊಣಕೈಯ ಕೆಳಗೆ ನನ್ನ ಮುಂಗೈ ಇತ್ತು, ಅವರ ಪೂರ್ತಿ ಭಾರ ಅದರ ಮೇಲೆ ಬಂದಿತು. ಆ ಒಂದು ಗಳಿಗೆಯಲ್ಲಿ ನನ್ನ ಕೈಗೆ ತಿಳಿದದ್ದೇನೆಂದರೆ, ಅವರ ಎಡಗಾಲು ಭಾರವನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅದು ಎಲೆಯ ಹಾಗೆ ನಡುಗುತ್ತಿತ್ತು.

ಪಕ್ಕದ ಮನೆಯಾಕೆ ಚಪ್ಪಾಳೆ ತಟ್ಟಿ ನಗುತ್ತಿದ್ದರು. ಅತ್ತೆಯವರೂ ನಕ್ಕರು. ಆದರೆ ನನ್ನ ಕೈಯನ್ನು ಕೂಡಲೇ ಬಿಡಲಿಲ್ಲ. ಆಕೆ ಹೋದ ಮೇಲೆ ನಾನು ಮೆಲ್ಲನೆ ಕೇಳಿದೆ: “ಎಷ್ಟು ವರ್ಷದಿಂದ ಅತ್ತೆ?”

“ಏನು ಎಷ್ಟು ವರ್ಸ?”

“ಎಡಗಾಲು.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ನೀನ್ ಬರಕ್ ಮುಂಚಿಂದ್ಲೂ ಅದೆ. ನಮ್ಮತ್ತೆಗೂ ಇತ್ತು. ಯಾರ್ ಮುಂದೂ ಅನ್ಬ್ಯಾಡ. ಕೊನೆ ಕಡ್ಡಿ ಕಟ್ಟಿ ಎಲ್ರೂ ಎದ್ದೋದ್ ಮ್ಯಾಲೆ ಕಂಬ ಇಡ್ಕಂಡು ಏಳ್ತೀನಿ. ಯಾರೂ ನೋಡಕಿಲ್ಲ.”

ಸಾಲಿನ ಮೊದಲ ಜಾಗ ಚಪ್ಪರದ ಕಂಬದ ಪಕ್ಕದಲ್ಲಿಯೇ ಏಕೆ ಇದೆಯೆಂದು ನಾನು ಅಂದಿನವರೆಗೆ ಯೋಚಿಸಿದವಳಲ್ಲ.

ಮಳೆ ಹಿಡಿಯಿತು. ಮೊದಲ ಸೊಪ್ಪು ಕೀಳುವ ಮುನ್ನ ವೈದ್ಯರನ್ನು ಕಂಡೆ. ಮಂಡಿಯೊಳಗೆ ಸವೆದದ್ದು ಮರಳಿ ಬೆಳೆಯುವುದಿಲ್ಲ, ಆದರೆ ತೊಡೆಗೆ ಬಲ ಬಂದಿದೆ ಎಂದರು. ಗೋಣಿತಾಟಿನ ಮೇಲೆ ಕಾಲು ಮಡಿಸಿ ಕೂರುವುದು ಬೇಡ, ಎತ್ತರದ ಮಣೆಯ ಮೇಲೆ ಕೂರಬಹುದು, ಆದರೆ ಆಗಾಗ ಎದ್ದು ಓಡಾಡಲೇಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಯಜಮಾನರು ಹಲಗೆ ಹೊಡೆದು ಮಣೆ ಮಾಡಿದರು. ಕಡ್ಡಿಯನ್ನು ಇಡುವ ಕವೆಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಸೊಪ್ಪಿನ ರಾಶಿಯನ್ನು ಹಿಂದಕ್ಕೆ ಹಾಕದೆ ನನ್ನ ಎದುರಿಗೇ ಹಾಕಲು ಕೇಳಿಕೊಂಡೆ.

ಅತ್ತೆಯವರು ಮಣೆಯನ್ನು ಕಾಲಿನಿಂದ ಅಲ್ಲಾಡಿಸಿ ನೋಡಿದರು. “ಮಣೆ ಆಕ್ಕೊ, ಬ್ಯಾಡ ಅನ್ನಕಿಲ್ಲ. ಸಾಲು ಮಾತ್ರ ಮುರೀಬ್ಯಾಡ.”

ಹೀಗೆ ನನ್ನ ಜಾಗ ನನಗೆ ದೊರೆಯಿತು, ಆದರೆ ಎರಡು ಷರತ್ತುಗಳ ನಡುವೆ. ವೈದ್ಯರ ಮಾತು ನಡೆಸಿದರೆ ಅತ್ತೆಯವರ ಮಾತು ಮುರಿಯುತ್ತದೆ. ಅತ್ತೆಯವರ ಮಾತು ನಡೆಸಿದರೆ ಮಂಡಿ ಮುರಿಯುತ್ತದೆ.

ಮೊದಲ ಬ್ಯಾರನ್ ತುಂಬುವ ದಿನ ಹಸಿ ಸೊಪ್ಪಿನ ವಾಸನೆಗೆ ಕಣ್ಣು ತುಂಬಿತು. ಬೆರಳುಗಳಿಗೆ ಅಂಟು ಹತ್ತಿ ಕಪ್ಪಾಯಿತು. ಗಂಟುಗಳು ತಾವಾಗಿಯೇ ಬಿದ್ದವು. ಇಷ್ಟೇ ಸಾಕು, ಇನ್ನೇನೂ ಬೇಡ ಎನ್ನಿಸುವಷ್ಟು ಸಂತೋಷವಾಯಿತು. ಸ್ವಲ್ಪ ಹೊತ್ತಿಗೆ ತೊಡೆ ಬಿಗಿಯಾಯಿತು. ಮಂಡಿ ಇನ್ನೂ ಮಾತನಾಡಿರಲಿಲ್ಲ. ಇನ್ನೊಂದು ಕಡ್ಡಿ ಕಟ್ಟಬಹುದು ಎನ್ನಿಸಿತು. ಹಾಗೆ ಅನ್ನಿಸುವ ಹೊತ್ತೇ ಏಳುವ ಹೊತ್ತು ಎಂದು ನನಗೆ ಗೊತ್ತಿತ್ತು.

ಕಟ್ಟುತ್ತಿದ್ದ ಕಡ್ಡಿಯನ್ನು ಮುಗಿಸಿ, ಪಾದಗಳನ್ನು ಹತ್ತಿರ ಎಳೆದುಕೊಂಡು, ಭಾರವನ್ನು ಪಾದಕ್ಕೆ ಸುರಿದು ಎದ್ದು ನಿಂತೆ. ಯಾರ ಕೈಯನ್ನೂ ಹಿಡಿಯಲಿಲ್ಲ.

ಮೂರನೆಯ ಜಾಗದಲ್ಲಿದ್ದ ಪಕ್ಕದ ಮನೆಯಾಕೆ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, “ಅಯ್ಯೋ ಸಿವನೆ, ಎದ್ದೇಬುಟ್ಲಲ್ಲ! ಇನ್ನ ಸೊಪ್ಪೆಲ್ಲ ಇದ್ದಿಲು ಕಣ್ರವ್ವ” ಎಂದರು.

ಅತ್ತೆಯವರು ತಲೆ ಎತ್ತಲಿಲ್ಲ. ಅವರ ಬೆರಳುಗಳು ಗಂಟು ಹಾಕುತ್ತಲೇ ಇದ್ದವು. ನಾನು ಚಪ್ಪರದ ಕೆಳಗೆ ನಿಧಾನವಾಗಿ ಆಚೆಗೊಮ್ಮೆ ಈಚೆಗೊಮ್ಮೆ ನಡೆದೆ. ನನ್ನ ಜಾಗವನ್ನು ಇಂದೇ ಕಳೆದುಕೊಂಡೆನೇನೋ ಎಂದೂ ಅನ್ನಿಸಿತು. ಆಮೇಲೆ ಅವರ ಮುಂದೆ ಬಂದು ನಿಂತು, ಸಿಸ್ಟರ್ ಕಲಿಸಿದಂತೆ ಮುಂಗೈಯನ್ನು ಚಾಚಿದೆ. ಎಳೆಯಲಿಲ್ಲ. ಬೇಕಿದ್ದರೆ ಹಿಡಿಯಲು ಅಲ್ಲೊಂದು ಕೊಂಬೆ ಇದೆ ಎಂಬಂತೆ ಸುಮ್ಮನೆ ಹಿಡಿದುಕೊಂಡೆ.

“ತಗೀ ಕೈಯ. ಸೊಪ್ಪು ಬಾಡ್ತದೆ” ಎಂದರು.

ತೆಗೆಯಲಿಲ್ಲ.

ಅವರು ಆ ಕಡ್ಡಿಯನ್ನು ಮುಗಿಸಿದರು. ದಾರ ಕತ್ತರಿಸಿದರು. ಕಂಬದ ಕಡೆಗೊಮ್ಮೆ ನೋಡಿದರು, ನನ್ನ ಕಡೆಗೊಮ್ಮೆ ನೋಡಿದರು. ಆಮೇಲೆ ಅಂಟು ಹತ್ತಿದ ಅವರ ಕಪ್ಪು ಕೈ ನನ್ನ ಮುಂಗೈಯನ್ನು ಹಿಡಿಯಿತು. ಅವರ ಎಡಗಾಲಿನ ಪಾಲಿನ ಭಾರವನ್ನು ನಾನು ತೆಗೆದುಕೊಂಡೆ, ನನ್ನ ಪಾದದ ಮೂಲಕ ಅದು ನೆಲಕ್ಕೆ ಇಳಿಯಿತು. ಅವರು ಎದ್ದರು.

“ಏನ್ ನೋಡ್ತೀರಿ, ನಾಟ್ಕ ನಡೀತದಾ ಇಲ್ಲಿ? ಉಚ್ಚೆ ಉಯ್ಯೋರು ಎದ್ದೋಗಿ ಬನ್ನಿ ಬಿರ್ನೆ” ಎಂದು ಸಾಲಿಗೆ ಹೇಳಿದರು.

ನಗು ಎದ್ದಿತು. ಒಬ್ಬೊಬ್ಬರಾಗಿ ಎದ್ದರು. ಎಷ್ಟು ಜನ ಸೊಂಟ ಹಿಡಿದುಕೊಂಡು ‘ಉಸ್ಸಪ್ಪ’ ಎಂದರೋ ನಾನು ಲೆಕ್ಕ ಇಡಲಿಲ್ಲ. ಪಕ್ಕದ ಮನೆಯಾಕೆಯೇ ಎಲ್ಲರಿಗಿಂತ ಮುಂದೆ ಓಡಿದ್ದನ್ನು ಮಾತ್ರ ನೋಡಿದೆ. ಅಂದಿನ ಬ್ಯಾರನ್ ಹೊತ್ತಿಗೆ ಸರಿಯಾಗಿ ತುಂಬಿತು.

ಬೆಂಕಿ ಆರಿಸಿ ಬ್ಯಾರನ್ ತೆರೆದ ದಿನ ಸಾಲಿನ ಹೆಂಗಸರೆಲ್ಲ ನೋಡಲು ಬಂದಿದ್ದರು. ಮೇಲಿನ ಸೊಪ್ಪು ಹೊಂಬಣ್ಣಕ್ಕೆ ತಿರುಗಿತ್ತು. ಬಾಗಿಲ ಬಳಿಯ ಕೆಳಗಿನ ಕಡ್ಡಿಗಳಲ್ಲಿ ಮಾತ್ರ ಒಂದಷ್ಟು ಎಲೆ ಕಪ್ಪಾಗಿತ್ತು. ಎಲ್ಲರೂ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಅತ್ತೆಯವರು ಒಂದು ಕಪ್ಪು ಎಲೆಯನ್ನು ಮುರಿದು, ಮೂಸಿ, ಕೆಳಗೆ ಹಾಕಿದರು.

“ಬಾಗ್ಲು ಸಂದೀಲಿ ಗಾಳಿ ನುಗ್ತದೆ ಕಣ್ರೇ. ಓದ್ ವರ್ಸನೂ ಇಲ್ಲೇ ಕಪ್ಪಾಗಿತ್ತು. ಅದ್ರಿಂದ್ಲ ವರ್ಸನೂ. ಸೊಪ್ಗೇನ್ ಗೊತ್ತು, ಯಾರ್ ಎದ್ರು ಯಾರ್ ಕುಂತ್ರು ಅಂತ” ಎಂದವರು ಮಗನ ಕಡೆ ತಿರುಗಿ, “ಆ ಸಂದಿಗೆ ಮಣ್ಣು ಮೆತ್ತು ಅಂತ ಎಷ್ಟು ಸಲ ಬಡ್ಕಳದ್ಲಾ ನಾನು?” ಎಂದು ಗದರಿಸಿದರು.

ಈಗ ನಮ್ಮ ಚಪ್ಪರದಲ್ಲಿ ಟೀ ಬಂದಾಗ ಎಲ್ಲರೂ ಎದ್ದು ನಿಂತೇ ಕುಡಿಯುತ್ತಾರೆ. ಎರಡನೆಯ ಮಣೆಯೊಂದು ಸಾಲಿನ ಮೊದಲ ಜಾಗಕ್ಕೆ ಬಂದಿದೆ. ಬೆಳಿಗ್ಗೆ ಜಗುಲಿಯ ಮೇಲೆ ನಾನು ನಿಲ್ಲುವಾಗ ಅತ್ತೆಯವರು ರಂಗೋಲಿ ಮುಗಿಸಿ ಬಂದು, ಗೋಡೆಗೆ ಒಂದು ಕೈ ಆನಿಸಿ, ಲಿಂಗ ಹಿಡಿದ ಹಾಗೆ ಇನ್ನೊಂದು ಕೈಯನ್ನು ಎದೆಯ ಮುಂದೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ನನಗಿಂತ ಮೊದಲೇ ‘ಸಾಕು ಬುಡು’ ಎಂದು ಒಳಗೆ ಹೋಗುತ್ತಾರೆ. ಈ ವಿಷಯದಲ್ಲಿ ಅವರು ನನಗಿಂತ ಒಳ್ಳೆಯ ವಿದ್ಯಾರ್ಥಿ ಎಂದು ಸಿಸ್ಟರ್ ಅಭಿಪ್ರಾಯಪಟ್ಟಿದ್ದಾರೆ.

ಅವರ ಕಾಲಿನ ಸಂಗತಿಯನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆಯನ್ನು ಪಡೆದಿರುತ್ತೇನೆ. “ಬರ್ಕೊ. ಎಸ್ರು ಮಾತ್ರ ಆಕ್ಬ್ಯಾಡ” ಎಂದಿದ್ದಾರೆ. ಹಾಗೆಯೇ ಹಾಕಿರುವುದಿಲ್ಲ.

ಇಷ್ಟನ್ನು ಒಂದೇ ಸಲ ಕುಳಿತು ಬರೆದಿಲ್ಲ, ನಡುನಡುವೆ ಎದ್ದು ಓಡಾಡಿ ಬರೆದಿದ್ದೇನೆ. ಆದ್ದರಿಂದ ಅಲ್ಲಲ್ಲಿ ಎಳೆ ತಪ್ಪಿರಲೂಬಹುದು. ಕಾಗುಣಿತದಲ್ಲಾಗಲಿ, ಒತ್ತಕ್ಷರಗಳಲ್ಲಾಗಲಿ, ಆ ಕಲೆಯನ್ನು ನಾನು ತಿಳಿದುಕೊಂಡ ರೀತಿಯಲ್ಲಾಗಲಿ ತಪ್ಪು ಕಂಡುಬಂದಲ್ಲಿ, ತಿಳಿದವರು ದಯಮಾಡಿ ತಿದ್ದಿ ಓದಿಕೊಳ್ಳಬೇಕೆಂದು, ಸಾಧ್ಯವಾದರೆ ನನಗೂ ತಿಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.